ಬಣ್ಣ ಹಚ್ಚಿದವರು ಯಾರು?

ಕನ್ನಡದಲ್ಲಿ ‘ಬಣ್ಣ ಹಚ್ಚುವುದು’ ಎಂದರೆ ನಟಿಸುವುದು. ಹೊಸ ಚಿತ್ರ ಒಪ್ಪಿಕೊಂಡ ನಟ ‘ಮತ್ತೆ ಬಣ್ಣ ಹಚ್ಚಿದ’ ಎಂದೇ ಪತ್ರಿಕೆಗಳು ಬರೆಯುತ್ತವೆ. ಈ ಮಾತು ಬಂದದ್ದು ರಂಗದಿಂದ. ಯಕ್ಷಗಾನದ ವೇಷಧಾರಿ ಕನ್ನಡಿಯ ಮುಂದೆ ಕೂತು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಅಲ್ಲಿ ಈ ಮಾತು ಅಕ್ಷರಶಃ ನಿಜ. ಸಿನಿಮಾದಲ್ಲಿ ಹಚ್ಚುವ ಕೈ ಬೇರೆಯವರದಾಯಿತು. ಆದರೆ ಕ್ರಿಯಾಪದ ಮಾತ್ರ ನಟನ ಹತ್ತಿರವೇ ಉಳಿಯಿತು. ನಮ್ಮ ಸಿನಿಮಾ ವಿಮರ್ಶೆಗೆ ಮೇಕಪ್ ಕಲಾವಿದರು ಕಾಣದಿರುವುದಕ್ಕೆ ಈ ರೂಢಿಯೂ ಒಂದು ಕಾರಣ.

ಪ್ರಸಾಧನ ಎಂದರೆ ಬರೀ ಅಲಂಕಾರವಲ್ಲ, ಅದು ಬೆಳಕಿಗೆ ಕೊಡುವ ಉತ್ತರ. ಪಂಜಿನ ಬೆಳಕಿನಲ್ಲಿ ದೂರದವರಿಗೂ ಮುಖ ಕಾಣಬೇಕೆಂದೇ ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು ಅಷ್ಟು ಗಾಢವಾಗಿದ್ದವು. ಮೂಕಿ ಚಿತ್ರಗಳ ಆರಂಭದ ಫಿಲ್ಮಿಗೆ ಕೆಂಪು ಬಣ್ಣವೇ ತಿಳಿಯುತ್ತಿರಲಿಲ್ಲ. ಕೆಂಪು ತುಟಿ ಪರದೆಯ ಮೇಲೆ ಕಪ್ಪಾಗಿ ಮೂಡುತ್ತಿತ್ತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ 1920ರ ದಶಕದಲ್ಲಿ ಬಳಕೆಗೆ ಬಂದಾಗ ಹಳೆಯ ಬಣ್ಣಗಳೆಲ್ಲ ಬದಲಾಗಬೇಕಾಯಿತು. 1930ರ ದಶಕದಲ್ಲಿ ಟೆಕ್ನಿಕಲರ್‌ಗಾಗಿಯೇ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಪ್ಯಾನ್-ಕೇಕ್ ತಯಾರಿಸಿತು. ಕ್ಯಾಮೆರಾ ಬದಲಾದಾಗಲೆಲ್ಲ ಮೊದಲು ಹೊಸದಾಗಿ ಕಲಿಯಬೇಕಾದವರಲ್ಲಿ ಈ ಕೈಗಳೂ ಸೇರಿದ್ದವು.

ಬಿ.ಎಸ್. ಲಿಂಗದೇವರು ನಿರ್ದೇಶನದ ‘ನಾನು ಅವನಲ್ಲ... ಅವಳು’ ಚಿತ್ರವನ್ನು ಈ ಕಣ್ಣಿನಿಂದ ನೋಡಬೇಕು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಮಾದೇಶ ವಿದ್ಯಾ ಆಗುತ್ತಾಳೆ. ಕಂಪನಿ ನಾಟಕದ ಸ್ತ್ರೀಪಾತ್ರದಲ್ಲಿ ಗಂಡಸಿನ ಮುಖವನ್ನು ಮುಚ್ಚಿದರೆ ಬಣ್ಣ ಗೆದ್ದಂತೆ. ಇಲ್ಲಿ ಹಾಗಲ್ಲ. ಒಂದು ಗೀರು ಹೆಚ್ಚಾದರೂ ವಿದ್ಯಾ ‘ಹೆಣ್ಣು ವೇಷದ ಗಂಡಸು’ ಆಗಿಬಿಡುತ್ತಾಳೆ. ನಮ್ಮ ಎಷ್ಟೋ ಹಾಸ್ಯದೃಶ್ಯಗಳು ನಗೆಗೆ ಬಳಸಿಕೊಂಡದ್ದು ಇದನ್ನೇ. ಬಣ್ಣ ಇಲ್ಲಿ ಮುಖವನ್ನು ಮುಚ್ಚುವಂತಿಲ್ಲ, ಅವಳು ತನ್ನದೆಂದು ನಂಬಿದ ಮುಖಕ್ಕೆ ದಾರಿ ಬಿಡಬೇಕು. ಒಂದು ಸಮುದಾಯದ ಘನತೆ ಆ ಕುಂಚದ ತುದಿಯಲ್ಲಿತ್ತು.

2014ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಂಚಾರಿ ವಿಜಯ್ ಶ್ರೇಷ್ಠ ನಟರಾದರು. ಇದೇ ಚಿತ್ರಕ್ಕೆ ನಾಗರಾಜು ಮತ್ತು ರಾಜು ಅವರಿಗೆ ಶ್ರೇಷ್ಠ ಪ್ರಸಾಧನದ ಪ್ರಶಸ್ತಿ ಬಂತು. ವಿಜಯ್ ಅಭಿನಯವನ್ನು ಹೊಗಳುವಾಗ ನಾವು ಬಳಸುವ ‘ರೂಪಾಂತರ’ ಎಂಬ ಪದದಲ್ಲಿ ಈ ಇಬ್ಬರ ಪಾಲೂ ಇದೆ. ಇದರಿಂದ ನಟನ ಹಿರಿಮೆ ಕುಗ್ಗುವುದಿಲ್ಲ. ಆ ಮುಖ ಮೂವರ ಕೆಲಸ ಎಂದಷ್ಟೇ ಆಗುತ್ತದೆ. ಪ್ರಶಸ್ತಿಯ ಇತಿಹಾಸವೂ ತಡವಾಗಿಯೇ ಕಣ್ಣು ತೆರೆಯಿತು: ಶ್ರೇಷ್ಠ ನಟ ಪ್ರಶಸ್ತಿ ಶುರುವಾದದ್ದು 1967ರ ಚಿತ್ರಗಳಿಗೆ, ಪ್ರಸಾಧನಕ್ಕೆ ಪ್ರಶಸ್ತಿ ಬಂದದ್ದು 2006ರ ಚಿತ್ರಗಳಿಗೆ.

ಶಾಂತಕವಿಗಳು ನಾಟಕ ಮಂಡಳಿ ಕಟ್ಟಿದ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬೆಳೆದ ಗದಗ ಸೀಮೆಯಿಂದ ವಿಮರ್ಶೆ ಕಲಿಯಬೇಕಾದ ಒಂದು ಸಣ್ಣ ಮರ್ಯಾದೆಯಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಜಾತ್ರೆ ನಾಟಕಗಳ ಹ್ಯಾಂಡ್‌ಬಿಲ್ ನೋಡಿ. ಪಾತ್ರಧಾರಿಗಳ ಕೆಳಗೆ ಹಾರ್ಮೋನಿಯಂ, ತಬಲಾ, ರಂಗಸಜ್ಜಿಕೆ ಎಂದು ತೆರೆಯ ಹಿಂದಿನವರ ಹೆಸರುಗಳೂ ಇರುತ್ತವೆ. ಊರ ಮಂದಿಗೆ ನಾಟಕ ಯಾರ್ಯಾರು ಸೇರಿ ಆಯಿತು ಎಂಬುದು ಗೊತ್ತು. ನಮ್ಮ ವಿಮರ್ಶೆ ಸಾಮಾನ್ಯವಾಗಿ ಕಥೆ, ನಿರ್ದೇಶಕ, ನಾಯಕನಿಗೆ ನಿಲ್ಲುತ್ತದೆ. ಹೆಚ್ಚೆಂದರೆ ಛಾಯಾಗ್ರಹಣಕ್ಕೆ ಒಂದು ವಾಕ್ಯ.

ಮುಂದೆ ಯಾರಾದರೂ ‘ಬಣ್ಣ ಹಚ್ಚಿದರು’ ಎಂದು ಬರೆಯುವಾಗ ‘ಯಾರು, ಯಾರಿಗೆ’ ಎಂದು ಕೇಳಿಕೊಳ್ಳಲಿ. ಆ ಪ್ರಶ್ನೆಗೆ ಉತ್ತರವಾಗಿ ಬರೆಯುವ ಹೆಸರೇ ನಮ್ಮ ಸಿನಿಮಾ ಚರಿತ್ರೆಗೆ ಹೊಸ ದಾಖಲೆ.