ಶ್ರೀರಂಗಪಟ್ಟಣದ ಸೆರೆಯಾಳುಗಳ ಬರಹಗಳು

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಪುಲ್ಲಲೂರು ಯುದ್ಧದ ಚಿತ್ರವಿರುವುದನ್ನು ವಾಚಕರಲ್ಲಿ ಹಲವರು ನೋಡಿರಬಹುದು. 1780ನೆಯ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದಲ್ಲಿ ಹೈದರಲ್ಲಿಯೂ ಟಿಪ್ಪುವೂ ಕುಂಪಣಿಯ ಸೇನೆಯನ್ನು ಮುತ್ತಿ ಮುರಿದ ಸಂಗತಿ ಅದರಲ್ಲಿ ಚಿತ್ರಿತವಾಗಿದೆ. ಗಾಯಗೊಂಡ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಚಿತ್ರಗಾರನಿಗೆ ಬೇಕಾದುದು ಆ ಗಳಿಗೆ; ಗೆದ್ದವನ ದೃಷ್ಟಿಯಲ್ಲಿ ಸೋತವನ ಕಥೆ ಅಲ್ಲಿಗೆ ಮುಗಿಯಿತು. ಆದರೆ ಬೇಯ್ಲಿ ಅದಾದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು, 1782ನೆಯ ನವೆಂಬರಿನಲ್ಲಿ ಇದೇ ಪಟ್ಟಣದ ಸೆರೆಯಲ್ಲಿ ತೀರಿಕೊಂಡನು. ಅವನ ಜೊತೆಯವರು 1784ರ ಮಾರ್ಚ್ ತಿಂಗಳ ಮಂಗಳೂರು ಒಪ್ಪಂದದವರೆಗೂ ಇಲ್ಲಿಯೇ ಇದ್ದರು. ಬಿಡುಗಡೆಯ ಪಟ್ಟಿಗೆ ಸೇರದೆ ಉಳಿದವರು ಹತ್ತು ವರ್ಷಗಳಷ್ಟು ಕಾಲ ಕಳೆದುದೂ ಉಂಟು. ಇವರಲ್ಲಿ ಕೆಲವರು ಬರೆದಿಟ್ಟ ಪುಸ್ತಕಗಳು ನಮ್ಮ ನೆಲದಲ್ಲಿಯೇ ಹುಟ್ಟಿದವಾದರೂ ಕನ್ನಡದಲ್ಲಿ ಅವುಗಳ ವಿಚಾರವಾಗಿ ಸಾಹಿತ್ಯದೃಷ್ಟಿಯ ಪರಾಮರ್ಶೆ ನಡೆದುದು ಅತ್ಯಲ್ಪ. ಚರಿತ್ರಕಾರರು ಅವನ್ನು ಹೈದರ್-ಟಿಪ್ಪುಗಳ ಪರವಾಗಿಯೋ ವಿರೋಧವಾಗಿಯೋ ಸಾಕ್ಷಿಗೆ ಕರೆಯುತ್ತಾರೆ. ಸಾಕ್ಷಿ ಮುಗಿದ ಮೇಲೆ ಕಳುಹಿಸಿಬಿಡುತ್ತಾರೆ. ದೀರ್ಘವಾದ ಸೆರೆಯನ್ನು ಮನುಷ್ಯನು ಹೇಗೆ ಸಹಿಸುತ್ತಾನೆ, ಸಹಿಸಿದುದನ್ನು ಹೇಗೆ ಹೇಳುತ್ತಾನೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವನ್ನು ಓದುವುದು ಈ ಲೇಖನದ ಉದ್ದೇಶ.

ನಮ್ಮ ಕಾವ್ಯಗಳಲ್ಲಿ ಸೆರೆಯ ಪ್ರಸಂಗಗಳಿಲ್ಲವೆಂದಲ್ಲ. ಅರಣ್ಯಪರ್ವದಲ್ಲಿ ದುರ್ಯೋಧನನು ಗಂಧರ್ವನ ಕೈಗೆ ಸಿಕ್ಕಿಬೀಳುತ್ತಾನೆ. ಆದರೆ ಅಲ್ಲಿ ಕವಿಗೆ ಮುಖ್ಯವಾದುದು ಬಿಡಿಸಿದವರು ಯಾರು, ಬಿಡಿಸಿಕೊಂಡವನ ಅಭಿಮಾನಕ್ಕೆ ಆದ ಭಂಗವೇನು ಎಂಬುದೇ ಹೊರತು, ಕಟ್ಟುಬಿದ್ದ ಕಾಲವಲ್ಲ. ಸೆರೆಯ ಕಾಲವನ್ನೇ ಕಾಲವಾಗಿ ಕಂಡ ಸನ್ನಿವೇಶವೆಂದರೆ ಅಶೋಕವನವೊಂದೇ. ಅಲ್ಲಿಯೂ ಸೀತೆಯ ತಾಳ್ಮೆಗೆ ಒಂದು ಗಡುವಿದೆ; ದೂತನು ಬರುತ್ತಾನೆ, ಉಂಗುರ ತರುತ್ತಾನೆ. ಶ್ರೀರಂಗಪಟ್ಟಣದ ಸೆರೆಯಾಳಿಗೆ ಗಡುವು ತಿಳಿದಿರಲಿಲ್ಲ. ಈ ಬರಹಗಳ ರೂಪವನ್ನು ನಿರ್ಣಯಿಸಿದುದು ಈ ಅನಿಶ್ಚಯವೇ ಎಂದು ನಮ್ಮ ಅಭಿಪ್ರಾಯ.

ಮೊದಲು ಅಧಿಕಾರಿಗಳ ಬರಹವನ್ನು ನೋಡೋಣ. 1788ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಮೆಮಾಯರ್ಸ್ ಆಫ್ ದಿ ಲೇಟ್ ವಾರ್ ಇನ್ ಏಷ್ಯಾ’ ಎಂಬ ಗ್ರಂಥವನ್ನು ಸಂಕಲಿಸಿದವನು ವಿಲಿಯಂ ಥಾಮ್ಸನ್ ಎಂಬ ಬರಹಗಾರ. ಅವನು ಯುದ್ಧವನ್ನು ಕಂಡವನಲ್ಲ; ಗ್ರಂಥದ ರಾಜಕೀಯ ಭಾಗ ಅಂದಿನ ಲಂಡನ್ನಿನ ಸಾಧಾರಣ ಮಾತುಗಾರಿಕೆ, ಈಗ ಓದಲು ಬೇಸರ. ಆದರೆ ಅದರೊಳಗೆ ಬೇಯ್ಲಿಯ ದಂಡಿನ ಒಬ್ಬ ಅಧಿಕಾರಿಯ ಸೆರೆಮನೆಯ ದಿನಚರಿ ಸೇರಿಕೊಂಡಿದೆ. ಕ್ರಾಮ್‌ವೆಲ್ ಮ್ಯಾಸ್ಸೀ ಎಂಬ ಇನ್ನೊಬ್ಬ ಅಧಿಕಾರಿಯೂ ಇದೇ ಸೆರೆಯಲ್ಲಿದ್ದು ಕಾವಲಿನವರ ಕಣ್ಣು ತಪ್ಪಿಸಿ ದಿನಚರಿಯನ್ನು ಬರೆದಿಟ್ಟನು. ಕಾಗದದ ಕೊರತೆ, ಶೋಧನೆಯ ಭಯ. ಇವೆರಡರಿಂದ ವಾಕ್ಯಗಳು ತಾವಾಗಿಯೇ ಮೊಟಕಾಗುತ್ತವೆ.

ಇಂತಹ ದಿನಚರಿಯಲ್ಲಿ ಕಾಣುವುದೇನು? ದಿನಕ್ಕೊಂದು ಚಿನ್ನದ ಹಣ ಕೊಟ್ಟರೋ ಇಲ್ಲವೋ. ಪಡಿ ಪದಾರ್ಥಗಳ ಬೆಲೆ ಏನಾಯಿತು. ಯಾರಿಗೆ ಜ್ವರ, ಯಾರಿಗೆ ಭೇದಿ. ಪಕ್ಕದ ಸೆರೆಯಿಂದ ಗುಟ್ಟಾಗಿ ಬಂದ ಚೀಟಿಯಲ್ಲಿ ಏನಿತ್ತು. ಇಂಗ್ಲಿಷಿನ ‘ಫನಮ್’ ಎಂಬುದು ನಮ್ಮ ಹಣವೇ. ಹತ್ತು ಕಂಠೀರಾಯಿ ಹಣಕ್ಕೆ ಒಂದು ವರಹವೆಂಬ ಲೆಕ್ಕವನ್ನು ನೆನೆದರೆ, ಆ ಅಧಿಕಾರಿಗಳ ಬಾಳು ಎಷ್ಟು ಸಣ್ಣ ಅಳತೆಗೆ ಇಳಿದಿತ್ತೆಂಬುದು ಕನ್ನಡದ ವಾಚಕನಿಗೆ ಲಂಡನ್ನಿನ ವಾಚಕನಿಗಿಂತ ಬೇಗ ಹೊಳೆಯುತ್ತದೆ. ಇದನ್ನು ರಸಹೀನವಾದ ಲೆಕ್ಕಪತ್ರವೆಂದು ತಳ್ಳಿಬಿಡುವುದು ಸುಲಭ. ನಾವು ಹಾಗೆ ಭಾವಿಸುವುದಿಲ್ಲ. ನಾಳೆ ಏನೆಂದು ತಿಳಿಯದವನು ಇಂದಿನದನ್ನು ಎಣಿಸಿ ಗುರುತು ಹಾಕುತ್ತಾನೆ. ಎಣಿಸುವ ಶಕ್ತಿ ಉಳಿದಿರುವತನಕ ಅವನು ಅವನಾಗಿಯೇ ಉಳಿದಿದ್ದಾನೆ. 1783ರಲ್ಲಿ ನಗರದ ಕೋಟೆಯಲ್ಲಿ ಸೋತು ಸೆರೆಯಾದ ಮ್ಯಾಥ್ಯೂಸ್ ಸೇನಾಪತಿ ಅದೇ ವರ್ಷ ಇಲ್ಲಿ ಸತ್ತಾಗ, ವಿಷದ ಸುದ್ದಿ ಹಬ್ಬಿ ಸೆರೆಮನೆಗಳಲ್ಲೆಲ್ಲ ದಿಗಿಲು ತುಂಬಿತು. ಅಂತಹ ದಿಗಿಲಿನ ನಡುವೆಯೂ ಪಡಿಯ ಲೆಕ್ಕ ನಿಲ್ಲುವುದಿಲ್ಲ. ಆ ಲೆಕ್ಕದ ಪಕ್ಕದಲ್ಲಿ ಭಯವು ತಾನೇ ಕಾಣಿಸಿಕೊಳ್ಳುತ್ತದೆ. ಯಾವ ವಿಶೇಷಣವೂ ಅದನ್ನು ಅಷ್ಟು ಚೆನ್ನಾಗಿ ತೋರಿಸಲಾರದು.

ಇದಕ್ಕೆ ವಿರುದ್ಧವಾದ ಉದಾಹರಣೆ ಡೇವಿಡ್ ಬೇರ್ಡನ ಚರಿತ್ರೆ. ಪುಲ್ಲಲೂರಿನಲ್ಲಿ ಗಾಯಗೊಂಡು ಸೆರೆಯಾಗಿ, ಮೂರೂವರೆ ವರ್ಷ ಇಲ್ಲಿದ್ದು, 1799ನೆಯ ಮೇ 4ರಂದು ಇದೇ ಕೋಟೆಯ ಮೇಲೆ ಲಗ್ಗೆ ಹತ್ತಿಸಿದವನು ಅವನು. ಥಿಯೊಡೋರ್ ಹುಕ್ ಎಂಬ ಕಾದಂಬರಿಕಾರನು 1832ರಲ್ಲಿ ಪ್ರಕಟಿಸಿದ ಅವನ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಎಲ್ಲರ ಕಾಲಿಗೂ ಕೋಳ ಹಾಕುವಾಗ ಬೇರ್ಡನ ಗಾಯ ಇನ್ನೂ ಮಾಗಿರಲಿಲ್ಲವಂತೆ. ಆಗ ಲೂಕಸ್ ಎಂಬ ಕ್ಯಾಪ್ಟನ್ ಮುಂದೆ ಬಂದು, ಅವನ ಪಾಲಿನ ಕೋಳವನ್ನೂ ತನಗೇ ಹಾಕಬೇಕೆಂದು ಕೇಳಿಕೊಂಡನಂತೆ. ಪ್ರಸಂಗ ಹೃದ್ಯವಾದುದೇ. ಲೂಕಸ್ ಸೆರೆಯಿಂದ ಹೊರಗೆ ಬರಲಿಲ್ಲ. ಆದರೆ ಹುಕ್ ಇದನ್ನು ಹೇಳುವ ಬಗೆಯಲ್ಲಿ 1799ರ ಬೆಳಕು ಮೊದಲೇ ಬಿದ್ದಿದೆ. ಸೆರೆಯ ಒಂದೊಂದು ದಿನವೂ ಮುಂದಿನ ಜಯಕ್ಕೆ ಮೆಟ್ಟಿಲಾಗಿಬಿಡುತ್ತದೆ. ಅಂತ್ಯವನ್ನು ಬಲ್ಲವನು ಬರೆದ ಸಹನೆಯ ಕಥೆಯಿದು. ಸೆರೆಯಲ್ಲಿದ್ದ ಬೇರ್ಡನಿಗೆ ಈ ಸೌಕರ್ಯವಿರಲಿಲ್ಲ. ಲೂಕಸನಿಗಂತೂ ಎಂದಿಗೂ ಇರಲಿಲ್ಲ.

ಇನ್ನು ಸಾಮಾನ್ಯರ ಬರಹಗಳು. ಬಂಗಾಳದ ಫಿರಂಗಿ ದಳದ ಜೇಮ್ಸ್ ಬ್ರಿಸ್ಟೋ ಬರೆದುದು 1793ರಲ್ಲಿಯೂ, ‘ಹ್ಯಾನಿಬಲ್’ ಹಡಗಿನ ಹುಡುಗ ಜೇಮ್ಸ್ ಸ್ಕರಿ ಬರೆದುದು ಅವನ ಮರಣಾನಂತರ 1824ರಲ್ಲಿಯೂ ಅಚ್ಚಾದವು. ಎರಡರ ಶಿರೋನಾಮೆಯೂ ಹತ್ತು ವರ್ಷದ ಸೆರೆಯೆಂದು ಸಾರುತ್ತದೆ. ಸ್ಕರಿಯ ಹಡಗನ್ನು 1782ರಲ್ಲಿ ಹಿಡಿದವರು ಫ್ರೆಂಚರು. ಅವರು ತಮ್ಮ ಸೆರೆಯಾಳುಗಳನ್ನು ಕೂಡಲೂರಿನಲ್ಲಿ ಹೈದರನ ಕಡೆಯವರಿಗೆ ಒಪ್ಪಿಸಿಬಿಟ್ಟರು. ಹುಡುಗರಿಗೆ ಬಲಾತ್ಕಾರದಿಂದ ಸುನ್ನತಿಯಾಯಿತು. ಹೊಸ ಹೆಸರುಗಳು ಬಂದವು. ಚೇಲಾಗಳ ದಳದಲ್ಲಿ ಕವಾಯತು ನಡೆಯಿತು. ಈ ದೌರ್ಜನ್ಯವನ್ನು ಸ್ಕರಿ ಕಟುವಾಗಿಯೇ ಹೇಳುತ್ತಾನೆ. ಟಿಪ್ಪುವಿನ ಮೇಲಿನ ಅಭಿಮಾನದಿಂದ ಅದನ್ನು ಅಲ್ಲಗಳೆಯುವುದು ವಿಮರ್ಶಕನಿಗೆ ತಕ್ಕುದಲ್ಲ.

ಇವೆಲ್ಲ ಕುಂಪಣಿಯ ಪ್ರಚಾರಕ್ಕಾಗಿ ಹುಟ್ಟಿದ ಬರಹಗಳೆಂಬ ವಾದವುಂಟು. ಬ್ರಿಸ್ಟೋವಿನ ಮಟ್ಟಿಗೆ ಇದರಲ್ಲಿ ಸತ್ಯಾಂಶವಿರಬಹುದು. 1793ರಲ್ಲಿ ಟಿಪ್ಪು ಇನ್ನೂ ಸಿಂಹಾಸನದಲ್ಲಿದ್ದನು. ಆದರೆ ಸ್ಕರಿಯ ಪುಸ್ತಕ ಹೊರಬೀಳುವ ವೇಳೆಗೆ ಟಿಪ್ಪು ಮಡಿದು ಇಪ್ಪತ್ತೈದು ವರ್ಷವಾಗಿತ್ತು. ಕೆರಳಿಸಬೇಕಾದ ಯುದ್ಧವೇ ಉಳಿದಿರಲಿಲ್ಲ. ಅಲ್ಲದೆ, ಪ್ರಚಾರಕ್ಕೆ ಅನುಕೂಲವಲ್ಲದ ಸಂಗತಿಯೊಂದು ಅದರಲ್ಲಿದೆ. ತಪ್ಪಿಸಿಕೊಂಡು ತನ್ನವರ ಬಳಿಗೆ ಬಂದ ಸ್ಕರಿಗೆ ಕುರ್ಚಿಯ ಮೇಲೆ ಕೂರುವುದು ಮರೆತುಹೋಗಿತ್ತು. ಚಾಕು ಮುಳ್ಳುಗಳಿಂದ ಉಣ್ಣಲು ಬಾರದು. ಯೂರೋಪಿನ ಉಡುಪು ಮೈಗೆ ಹಿಡಿಸದು. ತಾಯ್ನುಡಿ ನಾಲಗೆಯಲ್ಲಿ ತೊಡರುತ್ತಿತ್ತು. ಮೈಬಣ್ಣವೂ ಕಪ್ಪಾಗಿತ್ತೆಂದು ಅವನೇ ಹೇಳಿಕೊಂಡಿದ್ದಾನೆ.

ಈ ಭಾಗವೇ ಗ್ರಂಥದ ತಿರುಳೆಂದು ನಮಗೆ ತೋರುತ್ತದೆ. ಅಧಿಕಾರಿಗಳು ತಮ್ಮತನವನ್ನು ಕಾಪಾಡಿಕೊಂಡು ಬದುಕಿದರು. ಅವರಿಗೆ ಜೊತೆಗಾರರಿದ್ದರು, ಕಾಗದವಿತ್ತು, ಮೂರೂವರೆ ವರ್ಷದ ಕೊನೆಗೆ ಬಿಡುಗಡೆಯಿತ್ತು. ಹುಡುಗನು ಬದುಕಿದುದು ಬೇರೆಯವನಾಗಿ. ಮರೆತುದರಿಂದಲೇ ಅವನಿಗೆ ಸಹಿಸುವುದು ಸಾಧ್ಯವಾಯಿತೇನೋ! ಹಾಗಿದ್ದರೆ ಗ್ರಂಥದ ತುಂಬ ಹರಡಿರುವ ದ್ವೇಷದ ವಿಶೇಷಣಗಳನ್ನು ಬೇರೆ ರೀತಿಯಲ್ಲಿ ಓದಬೇಕಾಗುತ್ತದೆ: ತಾನು ಮತ್ತೆ ಆಂಗ್ಲೇಯನೇ ಆಗಿದ್ದೇನೆಂದು ಊರವರಿಗೂ ತನಗೂ ರುಜುವಾತು ಮಾಡಿಕೊಳ್ಳುವ ಮಾತುಗಳಾಗಿ. ಅಲ್ಲಿ ಅವನಿಗೆ ಮದುವೆಯೂ ಆಗಿತ್ತು. ಓಡಿಬರುವಾಗ ಸಂಸಾರ ಹಿಂದೆ ಉಳಿಯಿತು. ಈ ವಿಷಯ ಬಂದಾಗ ಅವನ ದನಿ ತಗ್ಗುತ್ತದೆ, ವಿಶೇಷಣಗಳು ಕಡಮೆಯಾಗುತ್ತವೆ. ಬಿಡುಗಡೆಯೇ ಇನ್ನೊಂದು ಅಗಲಿಕೆಯಾಯಿತೆಂಬುದನ್ನು ಬಾಯಿಬಿಟ್ಟು ಹೇಳಲು 1824ರ ವಾಚಕರ ಎದುರಿನಲ್ಲಿ ಅವನಿಗೆ ಅವಕಾಶವಿರಲಿಲ್ಲ.

ಲಿಂಡಾ ಕಾಲಿಯವರು 2002ರಲ್ಲಿ ಪ್ರಕಟಿಸಿದ ‘ಕ್ಯಾಪ್ಟಿವ್ಸ್’ ಎಂಬ ವಿದ್ವತ್ಪೂರ್ಣ ಗ್ರಂಥ ಈ ಬರಹಗಳಿಗೆ ತಕ್ಕ ಗೌರವವನ್ನು ಕೊಟ್ಟಿದೆ. ಅವರ ದೃಷ್ಟಿ ಬ್ರಿಟಿಷ್ ಸಾಮ್ರಾಜ್ಯದ ದೌರ್ಬಲ್ಯದ ಕಡೆಗೆ. ಸೆರೆಯಾಳು ಆ ದೌರ್ಬಲ್ಯದ ಗುರುತು. ವಾದ ಬಲವಾದುದು. ಆದರೆ ಇಲ್ಲಿಂದ ನೋಡುವವರಿಗೆ ಇನ್ನೊಂದು ಕೊರತೆ ಎದ್ದು ಕಾಣುತ್ತದೆ. ಪುಲ್ಲಲೂರಿನಲ್ಲಿ ಬೇಯ್ಲಿಯ ಕೈಕೆಳಗಿದ್ದ ಸುಮಾರು 3,800 ಜನರಲ್ಲಿ ಬಹುಭಾಗ ಈ ದೇಶದ ಸಿಪಾಯಿಗಳು. ಸೆರೆಸಿಕ್ಕ ಯೂರೋಪಿಯನ್ನರು ಇನ್ನೂರರ ಆಸುಪಾಸಿನವರು ಮಾತ್ರ. ಇಂಗ್ಲಿಷ್ ಅಧಿಕಾರಿಗಳ ದಿನಚರಿಗಳಲ್ಲಿ ಸಿಪಾಯಿಗಳು ಆಗಾಗ ಹಾದುಹೋಗುತ್ತಾರೆ, ಹೆಸರಿಲ್ಲದೆ. ಅವರ ಸೆರೆಯ ವರ್ಷಗಳನ್ನು ಅವರಾಗಿ ಬರೆದ ಗ್ರಂಥ ನಮ್ಮ ಕಣ್ಣಿಗೆ ಬಿದ್ದಿಲ್ಲ. ಬೇಯ್ಲಿಗೆ ಅವನ ಸೋದರನ ಮಗ 1816ರಲ್ಲಿ ಗುಂಬಜ಼ಿನ ಸಮೀಪದಲ್ಲಿ ಕಟ್ಟಿಸಿದ ಸ್ಮಾರಕ ಇಂದಿಗೂ ನಿಂತಿದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ, ಇಲ್ಲಿ ಸತ್ತ ಸಿಪಾಯಿಗಳದು ಎಲ್ಲಿದೆ ಎಂದು ಒಬ್ಬನಾದರೂ ಕೇಳದೆ ಬಿಟ್ಟಿಲ್ಲ.

ಗೆದ್ದವರ ಮನೆಗೂ ಸೆರೆ ತಪ್ಪಲಿಲ್ಲವಷ್ಟೆ. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಗಿ ಕಾರ್ನ್‌ವಾಲೀಸನ ವಶಕ್ಕೆ ಹೋಗಿ 1794ರಲ್ಲಿ ಹಿಂದಿರುಗಿದರು. 1799ರ ಬಳಿಕ ಇಡೀ ಮನೆತನ ವೇಲೂರಿನ ಕೋಟೆಯಲ್ಲಿ ಬಂದಿಯಾಯಿತು. 1806ರ ಸಿಪಾಯಿಗಳ ದಂಗೆಯ ನಂತರ ಕಲ್ಕತ್ತೆಗೆ ಸಾಗಿತು. ಒತ್ತೆಯ ಬಾಲಕರನ್ನು ಕುರಿತು ಇಂಗ್ಲಿಷ್ ಚಿತ್ರಗಾರರು ಬರೆದ ಪಟಗಳಿಗೆ ಮಿತಿಯಿಲ್ಲ. ಮಗುವಾಗಿದ್ದಾಗಲೇ ವೇಲೂರಿಗೆ ಹೋದ ಗುಲಾಮ್ ಮಹಮ್ಮದ್ ಮುಂದೆ ವಿದ್ಯಾವಂತನಾಗಿ, ಲೇಖನಿಯನ್ನೂ ಹಿಡಿದನು. ಅವನು 1855ರಲ್ಲಿ ಲಂಡನ್ನಿನಲ್ಲಿ ತಿದ್ದಿ ಪ್ರಕಟಿಸಿದುದು ಫ್ರೆಂಚ್ ಅಧಿಕಾರಿಯೊಬ್ಬನು ಬರೆದಿದ್ದ ಹೈದರನ ಚರಿತ್ರೆಯನ್ನು. ಅದರ ಮುಖಪುಟದಲ್ಲಿ ತನ್ನನ್ನು ಟಿಪ್ಪು ಸುಲ್ತಾನನ ಮಕ್ಕಳಲ್ಲಿ ಉಳಿದಿರುವ ಒಬ್ಬನೇ ಎಂದು ಗುರುತಿಸಿಕೊಂಡಿದ್ದಾನೆ. ಆ ಪುಸ್ತಕ ಅವನ ಅಜ್ಜನದು, ವೇಲೂರಿನದಲ್ಲ.