ಅಳತೆಗೂ ಒಂದು ಕ್ರಮಸಂಖ್ಯೆ ಬೇಕೆ?

ತಾಪಮಾನ, ತೇವಾಂಶ, ವಿದ್ಯುತ್ ಬಳಕೆ ಮೊದಲಾದ ಅಳತೆಗಳನ್ನು ಸತತವಾಗಿ ಗಣಕದಲ್ಲಿ ದಾಖಲಿಸುವ ಯೋಜನೆಗಳನ್ನು ವಿದ್ಯಾರ್ಥಿಗಳು ಕೈಗೊಳ್ಳುವುದುಂಟು. ಇದಕ್ಕೆ ಒದಗುವ ಒಂದು ಜೋಡಿ ಎಂದರೆ ಜ್ಯಾಂಗೊ ಮತ್ತು ಟೈಮ್‌ಸ್ಕೇಲ್‌ಡಿಬಿ. ತಮ್ಮ ತಮ್ಮ ಕೆಲಸದಲ್ಲಿ ಎರಡೂ ಗಟ್ಟಿ. ಜೊತೆಗೂಡಿಸಿದಾಗ ಮಾತ್ರ ಒಂದು ಮೂಲಭೂತ ವಿರಸ ತಲೆದೋರುತ್ತದೆ.

ಟೈಮ್‌ಸ್ಕೇಲ್‌ಡಿಬಿ 2017ರಲ್ಲಿ ಬಂದದ್ದು. ಅದು ಪ್ರತ್ಯೇಕ ದತ್ತಸಂಚಯವಲ್ಲ, ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಒಂದು ವಿಸ್ತರಣೆ. (ಹೊರಗಿನವರು ಹೊಸ ಸೌಲಭ್ಯ ಸೇರಿಸಲು ಅನುವು ಮಾಡುವುದು ಪೋಸ್ಟ್‌ಗ್ರೆಸ್‌ನ ಹುಟ್ಟುಗುಣ, 1986ರಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಬರ್ಕ್ಲಿಯಲ್ಲಿ ಅದರ ವಿನ್ಯಾಸ ಮಂಡಿಸಿದಾಗಲೇ ಆ ಉದ್ದೇಶವಿತ್ತು.) ಹತ್ತು ಸಂವೇದಕಗಳು ಹತ್ತು ಸೆಕೆಂಡಿಗೊಮ್ಮೆ ಅಳತೆ ಕಳಿಸಿದರೆ ದಿನಕ್ಕೆ 86,400 ಸಾಲುಗಳು, ವರ್ಷಕ್ಕೆ 3,15,36,000. ಈ ರಾಶಿಯನ್ನು ಟೈಮ್‌ಸ್ಕೇಲ್ 'ಹೈಪರ್‌ಟೇಬಲ್' ಎಂಬ ಕೋಷ್ಟಕದಲ್ಲಿಟ್ಟು, ನಾವು ಬೇರೆ ಹೇಳದಿದ್ದರೆ 7 ದಿನಗಳಿಗೊಂದರಂತೆ ತುಂಡುಗಳಾಗಿ ಒಡೆಯುತ್ತದೆ. ಕಳೆದ ವಾರದ ಸರಾಸರಿ ಕೇಳಿದರೆ ಒಂದೆರಡು ತುಂಡು ತೆರೆದರೆ ಸಾಕು. ಹಳೆಯದು ಬೇಡವಾದಾಗ ಇಡೀ ತುಂಡನ್ನೇ ಕಿತ್ತುಹಾಕಬಹುದು.

ಜ್ಯಾಂಗೊದ ಓಆರ್‌ಎಂ ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಯೋಚಿಸುತ್ತದೆ. ಅದರ ಪಾಲಿಗೆ ಕೋಷ್ಟಕವೆಂದರೆ ಒಂದು ವರ್ಗ, ಪ್ರತಿ ಸಾಲೂ ಗುರುತುಳ್ಳ ಒಂದು ವಸ್ತು. ಪ್ರೈಮರಿ ಕೀ ಯಾವುದೆಂದು ನೀವು ಹೇಳದಿದ್ದರೆ ತಾನೇ 'ಐಡಿ' ಎಂಬ ಕ್ರಮಸಂಖ್ಯೆ ಅಂಟಿಸುತ್ತದೆ. ಆ ಕೋಷ್ಟಕವನ್ನು ಹೈಪರ್‌ಟೇಬಲ್ ಮಾಡಹೊರಟರೆ ಟೈಮ್‌ಸ್ಕೇಲ್ ನಿರಾಕರಿಸುತ್ತದೆ: ಅನನ್ಯತೆಯ ಸೂಚಿಯಲ್ಲಿ ಸಮಯದ ಕಾಲಮ್ ಇರಲೇಬೇಕು. ಇದು ಹಟಮಾರಿತನವಲ್ಲ. ಸೂಚಿ ಇರುವುದು ತುಂಡಿಗೊಂದರಂತೆ. 'ಐಡಿ' ಒಂದೇ ಅನನ್ಯವೆಂದು ಖಾತ್ರಿ ಮಾಡಬೇಕಾದರೆ ಪ್ರತಿ ಸೇರ್ಪಡೆಗೂ ಎಲ್ಲ ತುಂಡುಗಳನ್ನೂ ತಡಕಬೇಕು. ಹಾಗಾದರೆ ಒಡೆದು ಏನು ಪ್ರಯೋಜನ?

ಇಲ್ಲಿ ಹಲವರಿಗೆ ಹೊಳೆಯುವ ಉಪಾಯ, ಸಮಯವನ್ನೇ ಪ್ರೈಮರಿ ಕೀ ಎಂದು ಘೋಷಿಸಿಬಿಡುವುದು. ದೋಷಸಂದೇಶ ಮಾಯವಾಗುತ್ತದೆ. ಅಪಾಯ ಶುರುವಾಗುವುದೇ ಆಗ. ಜ್ಯಾಂಗೊದ 'ಸೇವ್' ವಿಧಾನಕ್ಕೆ ಪ್ರೈಮರಿ ಕೀ ತುಂಬಿದ ವಸ್ತು ಸಿಕ್ಕರೆ, ಅದು ಮೊದಲು ಅದೇ ಕೀಯ ಸಾಲನ್ನು ತಿದ್ದಲು ನೋಡುತ್ತದೆ; ಸಾಲು ಇಲ್ಲದಿದ್ದರಷ್ಟೇ ಹೊಸದನ್ನು ಸೇರಿಸುತ್ತದೆ. ಎರಡು ಸಂವೇದಕಗಳ ಅಳತೆಗೆ ಒಂದೇ ಕ್ಷಣದ ಮುದ್ರೆ ಬಿದ್ದಿದೆ ಎನ್ನಿ. ಎರಡನೆಯದು ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. 'ಕ್ರಿಯೇಟ್' ಬಳಸಿದ್ದರೆ ಕನಿಷ್ಠ ದೋಷವಾದರೂ ಕಾಣುತ್ತಿತ್ತು. ಸಮಯವನ್ನು ಪೂರ್ಣ ಸೆಕೆಂಡಿಗೆ ಸರಿಹೊಂದಿಸುವ ಪ್ರಯೋಗಗಳಲ್ಲಿ ಇದು ಅಪರೂಪದ ಘಟನೆಯೇನಲ್ಲ. ಪ್ರಯೋಗದ ದತ್ತಾಂಶ ಸದ್ದಿಲ್ಲದೆ ಕಳೆದುಹೋಗುವುದಕ್ಕಿಂತ ತಂತ್ರಾಂಶ ಕೆಟ್ಟು ನಿಲ್ಲುವುದೇ ಮೇಲು.

ಅಳತೆಗೆ ಸ್ವಂತ ಗುರುತಿಲ್ಲ. ಯಾವ ಸಂವೇದಕ, ಯಾವ ಕ್ಷಣ ಎಂಬ ಎರಡು ಸೇರಿದರೇ ಅದರ ಗುರುತು. 2025ರ ಏಪ್ರಿಲ್‌ನಲ್ಲಿ ಬಂದ ಜ್ಯಾಂಗೊ 5.2 ಕೊನೆಗೂ ಇಂಥ ಸಂಯುಕ್ತ ಕೀಗೆ ಅವಕಾಶ ಕೊಟ್ಟಿತು. 2005ರಲ್ಲಿ ಬಿಡುಗಡೆಯಾದ ಸಾಧನಕ್ಕೆ ಇದು ತಡವೇ ಸರಿ. ಬಂದದ್ದೂ ಅರೆಬರೆ: ಸಂಯುಕ್ತ ಕೀಯ ಮಾದರಿಯನ್ನು ಆ ಆವೃತ್ತಿಯ ಆಡಳಿತ ಪುಟದಲ್ಲಿ ನೋಂದಾಯಿಸಲಾಗದು, ಈಗಾಗಲೇ ಇರುವ ಕೋಷ್ಟಕದ ಕೀಯನ್ನು ಮೈಗ್ರೇಶನ್ ಮೂಲಕ ಸಂಯುಕ್ತವಾಗಿ ಬದಲಿಸಲೂ ಆಗದು. ಆದ್ದರಿಂದ ಆರಂಭದಲ್ಲೇ ಸರಿಯಾಗಿ ವಿನ್ಯಾಸ ಮಾಡಿಕೊಳ್ಳಬೇಕು.

ನನ್ನ ಮಟ್ಟಿಗೆ ಒಳ್ಳೆಯ ವ್ಯವಸ್ಥೆ ಎಂದರೆ ಸಂವೇದಕಗಳ ಪಟ್ಟಿ, ಕೇಂದ್ರಗಳ ವಿವರ, ಬಳಕೆದಾರರು ಇವೆಲ್ಲ ಓಆರ್‌ಎಂಗೆ. ಅಳತೆಗಳ ಸೇರ್ಪಡೆ ಮತ್ತು ಸರಾಸರಿಗಳು ನೇರ ಎಸ್‌ಕ್ಯೂಎಲ್‌ಗೆ. ಎರಡೂ ಒಂದೇ ಪೋಸ್ಟ್‌ಗ್ರೆಸ್‌ನಲ್ಲಿ ಇರುವುದರಿಂದ ಜೋಡಿಸಿ ಕೇಳಲು ತೊಂದರೆಯಿಲ್ಲ. ಟೈಮ್‌ಸ್ಕೇಲ್‌ನ ದೊಡ್ಡ ಅನುಕೂಲವೂ ಇದೇ.

ಓಆರ್‌ಎಂ ಮೂಲಕವೇ ಓದುವವರು ಅದು ಬರೆದುಕೊಡುವ ಎಸ್‌ಕ್ಯೂಎಲ್ ಅನ್ನು ಒಮ್ಮೆ ಮುದ್ರಿಸಿ ನೋಡಲಿ. ವರ್ಷದ ಮೇಲೆ ಸೋಸಿದರೆ ಜ್ಯಾಂಗೊ ಅದನ್ನು ಆರಂಭ–ಅಂತ್ಯಗಳ ಮಿತಿಯಾಗಿ ಬದಲಿಸುತ್ತದೆ. ಬೇಕಾದ ತುಂಡುಗಳಷ್ಟೇ ತೆರೆಯುತ್ತವೆ. 'ಡೇಟ್' ಶೋಧ ಬಳಸಿ ದಿನದ ಮೇಲೆ ಸೋಸಿದರೆ ಸಮಯದ ಕಾಲಮ್ಮನ್ನೇ ದಿನಾಂಕಕ್ಕೆ ಪರಿವರ್ತಿಸಿ ಹೋಲಿಸುತ್ತದೆ. ಆಗ ಒಂದು ದಿನದ ಅಳತೆಗಾಗಿ ಇಡೀ ವರ್ಷದ ತುಂಡುಗಳು ತೆರೆದುಕೊಳ್ಳುತ್ತವೆ. ದಿನದ ಮೊದಲ ಕ್ಷಣ ಮತ್ತು ಮರುದಿನದ ಮೊದಲ ಕ್ಷಣಗಳನ್ನು ಮಿತಿಯಾಗಿ ನಾವೇ ಕೊಟ್ಟರೆ ಈ ತೊಂದರೆ ಇರದು.