ಸಾಂಬಾರಿನ ಹಂಡೆ ಮತ್ತು ಹದಿನಾರರ ಘಟ್ಟ

ಡೊಂಬಿವಲಿಯ ನಮ್ಮ ಕಟ್ಟಡದ ಕೆಳಗೊಂದು ಹೋಟೆಲಿದೆ. ರಾತ್ರಿ ಹನ್ನೊಂದೂವರೆಗೆ ಗಲ್ಲಾ ಮುಚ್ಚಿ, ಶಟರ್ ಮುಕ್ಕಾಲು ಎಳೆದ ಮೇಲೆ ಒಳಗೆ ಉಳಿಯುವವರು ನಾಲ್ಕೈದು ಹುಡುಗರು. ಅವರಲ್ಲಿ ಇಬ್ಬರಿಗೆ ಫುಟ್‌ಬಾಲ್ ಹುಚ್ಚು. ಬೈಂದೂರಿನವನು ಲಿವರ್‌ಪೂಲ್ ಕಡೆ. ಹೆಬ್ರಿಯವನು ಎಂಬಾಪೆಯ ಮೋಹಕ್ಕೆ ಬಿದ್ದು ಪ್ಯಾರಿಸ್ ಸೇಂಟ್ ಜರ್ಮೇನ್ ಹಿಡಿದವನು. ಎಂಬಾಪೆ ಬಿಟ್ಟುಹೋದರೂ ಇವನು ಬಿಟ್ಟಿಲ್ಲ. ನಿದ್ದೆ ಬಾರದ ನಿವೃತ್ತ ಗುಮಾಸ್ತನಾದ ನಾನು, ಮಗ ಕಟ್ಟುವ ಚಂದಾದ ಬಲದ ಮೇಲೆ, ನನ್ನ ಮೊಬೈಲನ್ನು ಅವರ ಸ್ಟೀಲಿನ ನೀರಿನ ಜಗ್ಗಿಗೆ ಒರಗಿಸಿ ಕೂರುತ್ತೇನೆ. ಅವರಿಗೆ ಆಟ ಸಿಗುತ್ತದೆ, ನನಗೆ ಚಹಾ.

ಆ ಇಬ್ಬರ ಬಾಜಿ ಹಣದ್ದಲ್ಲ. ಸೋತ ತಂಡದವನು ಅವತ್ತಿನ ಸಾಂಬಾರಿನ ಹಂಡೆ ತೊಳೆಯಬೇಕು. ತಳ ಹಿಡಿದ ಬೇಳೆಯನ್ನು ಕೆರೆಯುವಾಗ ಭುಜ ಸೋಲುತ್ತದೆ, ಆದ್ದರಿಂದ ಬಾಜಿ ಸಣ್ಣದೇನಲ್ಲ.

2025ರ ಮಾರ್ಚ್ ಮೊದಲ ವಾರ ಚಾಂಪಿಯನ್ಸ್ ಲೀಗ್‌ನ ಹದಿನಾರರ ಘಟ್ಟದಲ್ಲಿ ಈ ಇಬ್ಬರ ತಂಡಗಳೇ ಎದುರಾದವು. ಪ್ಯಾರಿಸ್‌ನಲ್ಲಿ ನಡೆದ ಮೊದಲ ಲೆಗ್‌ನಲ್ಲಿ ಆತಿಥೇಯರು 27 ಸಲ ಗೋಲಿನತ್ತ ಹೊಡೆದರು, ಲಿವರ್‌ಪೂಲ್ ಹೊಡೆದದ್ದು 2 ಸಲ. ಗೋಲ್‌ಕೀಪರ್ ಅಲಿಸನ್ ಒಬ್ಬನೇ 9 ಹೊಡೆತ ತಡೆದ. 87ನೇ ನಿಮಿಷದಲ್ಲಿ, ಆಗಷ್ಟೇ ಬದಲಿ ಆಟಗಾರನಾಗಿ ಇಳಿದಿದ್ದ ಹಾರ್ವಿ ಎಲಿಯಟ್ ಚೆಂಡನ್ನು ಒಳಗೆ ಸೇರಿಸಿದ. ಫಲಿತಾಂಶ 1–0. ಹೆಬ್ರಿಯವನು ಹಂಡೆ ತೊಳೆದ. ತೊಳೆಯುತ್ತ ತೊಳೆಯುತ್ತ ಇದು ನ್ಯಾಯವಲ್ಲ ಎಂದ. ನ್ಯಾಯದ ಮಾತು ಲೀಗ್‌ಗೆ ಸೇರಿದ್ದು, ನಾಕೌಟ್‌ಗೆ ಅಲ್ಲ ಎಂದು ನಾನು ಹೇಳಿದೆ. ಹಂಡೆಯೊಳಗೆ ತಲೆ ಹಾಕಿದವನಿಗೆ ಕೇಳಿಸಿತೋ ಇಲ್ಲವೋ.

ಈ ಅಂಕಣ ಓದುವವರಲ್ಲಿ ಕೆಲವರು ನನ್ನನ್ನು ಕೇಳುವುದುಂಟು: ಫೈನಲ್ ಬಗ್ಗೆ ನೀವು ಯಾಕೆ ಬರೆಯುವುದಿಲ್ಲ? ಫೈನಲ್ ಬೇಕಾದವರಿಗೆ ಫೈನಲ್ ಇದೆ. ಅದು ಮದುವೆಯ ಊಟ, ಯಾರು ಬೇಕಾದರೂ ಉಂಡು ಬರಬಹುದು. ನನ್ನ ರುಚಿ ಬೇರೆ. ನನಗೆ ಬೇಕಾದದ್ದು ಗುಂಪಿನ ಪಂದ್ಯಗಳು ಮುಗಿದು, ಸೋತವರು ಮನೆಗೆ ಎಂಬ ಕಟ್ಟಳೆ ಮೊದಲ ಬಾರಿಗೆ ಜಾರಿಯಾಗುವ ಆ ವಾರ. ನಮ್ಮ ಪತ್ರಿಕೆಗಳು ಅದನ್ನು ಹದಿನಾರರ ಘಟ್ಟ ಎನ್ನುತ್ತವೆ. ಹೆಸರಿಟ್ಟವರು ಹಂತ ಎಂಬ ಅರ್ಥದಲ್ಲಿ ಇಟ್ಟಿರಬಹುದು, ಆದರೆ ಆಗುಂಬೆಯ ಬುಡದ ಹೆಬ್ರಿಯವನಿಗೆ ಘಟ್ಟವೆಂದರೆ ಘಟ್ಟವೇ. ಬಯಲಿನಲ್ಲಿ ಎಲ್ಲ ಬಸ್ಸೂ ಒಂದೇ. ಮೊದಲ ತಿರುವಿನಲ್ಲಿ ಡ್ರೈವರ್ ಗೇರ್ ಇಳಿಸುವಾಗ ಹೊರಡುವ ಸದ್ದಿನಲ್ಲೇ ಗೊತ್ತಾಗುತ್ತದೆ, ಯಾವ ಗಾಡಿ ಮೇಲೆ ಹೋಗುತ್ತದೆ, ಯಾವುದು ಅರ್ಧದಲ್ಲಿ ಹೊಗೆ ಬಿಟ್ಟು ನಿಲ್ಲುತ್ತದೆ ಎಂದು.

ಈಗ ಆ ಘಟ್ಟಕ್ಕೂ ಮೊದಲು ಒಂದು ದಿಬ್ಬ ಇಟ್ಟಿದ್ದಾರೆ. 2024–25ರಿಂದ ಚಾಂಪಿಯನ್ಸ್ ಲೀಗ್‌ನಲ್ಲಿ 36 ತಂಡ, ತಲಾ 8 ಪಂದ್ಯ. ಮೊದಲ 8 ತಂಡಗಳಿಗೆ ನೇರ ಹದಿನಾರರ ಘಟ್ಟ. 9ರಿಂದ 24ರವರೆಗಿನವರು ಫೆಬ್ರುವರಿಯಲ್ಲಿ ಪ್ಲೇಆಫ್ ಆಡಿ ಬರಬೇಕು. ಚಾಳಿನ ಖೋಲಿಗೆ ಪೋಟ್‌ಮಾಳಾ, ಅಂದರೆ ನಡು ಅಟ್ಟ, ಹಾಕಿದ ಹಾಗಾಯಿತು, ಬಾಡಿಗೆ ಹೆಚ್ಚಿಸಲು ಮಾಡಿದ ಉಪಾಯ ಎಂದು ಮೊದಲು ನಾನೂ ಬೈದೆ. ಆದರೆ ಆ ವರ್ಷ 15ನೇ ಸ್ಥಾನದಲ್ಲಿ ನಿಂತು ಪೋಟ್‌ಮಾಳಾ ಹತ್ತಿದ್ದು ಇದೇ ಪ್ಯಾರಿಸ್. ತನ್ನದೇ ದೇಶದ ಬ್ರೆಸ್ಟ್ ತಂಡವನ್ನು 3–0, 7–0 ಅಂತರದಲ್ಲಿ ಕೆಡವಿ ಬಂದಿತ್ತು. ಬೈಗುಳ ವಾಪಸ್ ತೆಗೆದುಕೊಂಡಿದ್ದೇನೆ, ಪೂರ್ತಿಯಾಗಿ ಅಲ್ಲ.

ಎರಡು ಲೆಗ್‌ನ ಪಂದ್ಯದಲ್ಲಿ ಮೊದಲ ಲೆಗ್ ನೋಡುವುದು ಒಂದು ವಿದ್ಯೆ. ಗೋಲ್ ಎಷ್ಟು ಎಂದು ಮಾತ್ರ ಕೇಳುವವನಿಗೆ ಅದು ದಕ್ಕುವುದಿಲ್ಲ. ಎಪ್ಪತ್ತು ನಿಮಿಷ ದಾಟಿದ ಮೇಲೆ ಚೆಂಡನ್ನು ಬಿಟ್ಟು ಬ್ಯಾಕ್‌ಗಳನ್ನು ನೋಡಿ. ಮಧ್ಯಗೆರೆ ದಾಟಿ ಓಡುತ್ತಿದ್ದವನು ಈಗ ಗೆರೆಯ ಹತ್ತಿರ ಬಂದು ಒಮ್ಮೆ ಹಿಂತಿರುಗಿ ನೋಡುತ್ತಾನೆ. ಗೋಲ್‌ಕೀಪರ್ ಗೋಲ್‌ಕಿಕ್‌ಗೆ ಚೆಂಡನ್ನು ಬಲಗಡೆ ಇಡುತ್ತಾನೆ, ಮನಸ್ಸು ಬದಲಿಸಿ ಎಡಗಡೆಗೆ ಒಯ್ಯುತ್ತಾನೆ, ಕಾಲುಚೀಲ ಎಳೆದುಕೊಳ್ಳುತ್ತಾನೆ. ಅವರು ಈ ಪಂದ್ಯವನ್ನು ಆಡುತ್ತಿಲ್ಲ, ಮುಂದಿನ ವಾರದ್ದನ್ನು ಆಡುತ್ತಿದ್ದಾರೆ. ಲೀಗ್ ಪಂದ್ಯದಲ್ಲಿ ಈ ಕಣ್ಣು, ಈ ಲೆಕ್ಕ ಇರುವುದಿಲ್ಲ. ಸೆಮಿಫೈನಲ್ ಹೊತ್ತಿಗೆ ಎಲ್ಲರಿಗೂ ರೂಢಿಯಾಗಿರುತ್ತದೆ. ಅದು ಹೊಸದಾಗಿ, ಹಸಿಯಾಗಿ ಕಾಣುವುದು ಈ ಸುತ್ತಿನಲ್ಲಿ.

ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ನಿಯಮ ಇದ್ದ ಕಾಲದಲ್ಲಿ ಲೆಕ್ಕ ಇನ್ನೂ ಜಟಿಲವಾಗಿತ್ತು. 1965ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್‌ನಲ್ಲಿ ಶುರುವಾದ ಆ ನಿಯಮವನ್ನು 2021ರಲ್ಲಿ ತೆಗೆದುಹಾಕಿದರು. ಒಳ್ಳೆಯದೇ ಆಯಿತು ಎನ್ನುವವರಿದ್ದಾರೆ. ನನಗೆ ಅದರ ಮೇಲೆ ಇನ್ನೂ ಪ್ರೀತಿ. 2017ರ ಮಾರ್ಚ್ 8ರ ಬಾರ್ಸಿಲೋನಾ ಪಂದ್ಯ ನೆನಪಿಸಿಕೊಳ್ಳಿ; ಅದೂ ಹದಿನಾರರ ಘಟ್ಟವೇ. ಪ್ಯಾರಿಸ್‌ನಲ್ಲಿ 4–0 ಸೋತು ಬಂದ ಬಾರ್ಸಾ ಮನೆಯಲ್ಲಿ ಮೂರು ಗೋಲ್ ಹೊಡೆದಿತ್ತು. ಆಗ ಪ್ಯಾರಿಸ್‌ನ ಕವಾನಿ ಒಂದು ಗೋಲ್ ಹೊಡೆದ. ಆ ಒಂದೇ ಗೋಲಿಗೆ ಬಾರ್ಸಾಕ್ಕೆ ಇನ್ನೂ ಮೂರು ಬೇಕಾದವು. ನಮ್ಮ ಕಟ್ಟಡದಲ್ಲಿ ಉರಿಯುತ್ತಿದ್ದ ಕೆಲವು ದೀಪಗಳೂ ಅಲ್ಲಿಗೆ ಆರಿದವು. ನಾನು ಆರಿಸಲಿಲ್ಲ. 88ನೇ ನಿಮಿಷದಲ್ಲಿ ನೇಮಾರ್‌ನ ಫ್ರೀಕಿಕ್, 91ರಲ್ಲಿ ಅವನದೇ ಪೆನಾಲ್ಟಿ, 95ರಲ್ಲಿ ಅವನೇ ಎತ್ತಿಕೊಟ್ಟ ಚೆಂಡಿಗೆ ಸೆರ್ಜಿ ರೊಬೆರ್ಟೊ ಕಾಲು ಕೊಟ್ಟ. 6–1. ಇಲ್ಲಿ ಗಂಟೆ ಬೆಳಗಿನ ಮೂರು ದಾಟಿತ್ತು. ಕೂಗುವಂತಿಲ್ಲ, ಪಕ್ಕದ ಮನೆಯಲ್ಲಿ ಹತ್ತನೇ ತರಗತಿ ಪರೀಕ್ಷೆಯ ಹುಡುಗಿ ಮಲಗಿದ್ದಳು. ದಿಂಬು ಕಚ್ಚಿಕೊಂಡೆ.

ಅದೇ ನೇಮಾರ್ ನಮ್ಮೂರಿಗೆ ಬರುವವನಿದ್ದ. 2023–24ರ ಏಷ್ಯನ್ ಚಾಂಪಿಯನ್ಸ್ ಲೀಗ್‌ನಲ್ಲಿ ಮುಂಬೈ ಸಿಟಿ ತಂಡದ ಗುಂಪಿಗೆ ಅವನು ಆಗ ಇದ್ದ ಸೌದಿಯ ಅಲ್ ಹಿಲಾಲ್ ಬಿತ್ತು. ಆದರೆ ಅಕ್ಟೋಬರ್ 17ರಂದು ಉರುಗ್ವೆ ವಿರುದ್ಧ ಆಡುವಾಗ ಅವನ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಟೂರ್ನಿಗೂ ಎಸಿಎಲ್ ಎನ್ನುತ್ತಾರೆ, ಆ ಲಿಗಮೆಂಟಿಗೂ ಎಸಿಎಲ್ಲೇ. ಇಂಥ ಶ್ಲೇಷೆಯನ್ನು ವಿಧಿ ಮಾತ್ರ ಮಾಡಬಲ್ಲದು. ನವೆಂಬರ್ 6ರ ಸಂಜೆ ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳ್‌ಗೆ ಹೋದೆ. ಡಬ್ಬದ ತುಂಬ ಹಳದಿ ಅಂಗಿ, ಬೆನ್ನ ಮೇಲೆ 10. ಬಾರದವನ ಹೆಸರು ಹೊತ್ತವರ ಆ ಮೆರವಣಿಗೆ ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ ನಡೆಯಿತು. ಹಿಲಾಲ್ 2–0 ಗೆದ್ದಿತು. ರಿಯಾದ್‌ನಲ್ಲಿ ಅದಕ್ಕೂ ಮೊದಲು 6–0 ಹೊಡೆದಿತ್ತು. ಆ ಸಲ ಮುಂಬೈ ಆಡಿದ ಆರೂ ಪಂದ್ಯ ಸೋತಿತು.

ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು 2022. ಆ ವರ್ಷದ ಏಪ್ರಿಲ್ 11ರಂದು ರಿಯಾದ್‌ನಲ್ಲಿ ಮುಂಬೈ ಸಿಟಿ ಇರಾಕಿನ ಏರ್ ಫೋರ್ಸ್ ಕ್ಲಬ್ಬನ್ನು 2–1ರಿಂದ ಸೋಲಿಸಿತು. ಏಷ್ಯನ್ ಚಾಂಪಿಯನ್ಸ್ ಲೀಗ್‌ನಲ್ಲಿ ಭಾರತದ ಕ್ಲಬ್ಬೊಂದಕ್ಕೆ ಅದು ಮೊದಲ ಗೆಲುವು. ಎರಡನೇ ಗೋಲ್ ತಲೆಯಿಂದ ಹೊಡೆದವನು ಮುಂಬಯಿಯ ಹುಡುಗ ರಾಹುಲ್ ಭೇಕೆ. ಗುಂಪಿನಲ್ಲಿ 7 ಅಂಕ, ಎರಡನೇ ಸ್ಥಾನ. ಪಶ್ಚಿಮ ವಲಯದ ಐದು ಗುಂಪುಗಳ ಎರಡನೇ ಸ್ಥಾನದವರಲ್ಲಿ ಮೂವರಿಗೆ ಮಾತ್ರ ಹದಿನಾರರ ಘಟ್ಟದ ಬಾಗಿಲು ತೆರೆಯುತ್ತಿತ್ತು, ಮುಂಬೈ ಆ ಮೂವರಲ್ಲಿ ಇರಲಿಲ್ಲ. ಸೋತು ಹೊರಬಿದ್ದರೆ ಒಂದು ರೀತಿಯ ಸಮಾಧಾನ ಇರುತ್ತದೆ. ಬೇರೆ ಗುಂಪಿನವರ ಅಂಕ ಕೂಡಿಸಿ ಕಳೆದು ಹೊರಬೀಳುವುದು, ಲೋಕಲ್ ತಪ್ಪಿದ ಮೇಲೆ ಇಂಡಿಕೇಟರ್ ನೋಡುತ್ತ ನಿಂತ ಹಾಗೆ.

ಈ ಭೇಕೆಯ ಮೇಲೆ ಬೆಂಗಳೂರಿಗೂ ಹಕ್ಕಿದೆ. 2019ರ ಮಾರ್ಚ್ 17ರಂದು ಅಂಧೇರಿಯ ಮೈದಾನದಲ್ಲಿ ಐಎಸ್‌ಎಲ್ ಫೈನಲ್, ಬೆಂಗಳೂರು ಎದುರು ಗೋವಾ. ಎಕ್ಸ್‌ಟ್ರಾ ಟೈಮ್ ಮುಗಿಯಲು ಕೆಲವೇ ನಿಮಿಷ ಇರುವಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಬೆಂಗಳೂರಿಗೆ ಕಪ್ ತಂದವನು ಇವನೇ. ಏರ್ ಫೋರ್ಸ್ ಕ್ಲಬ್ಬಿನ ಜತೆಗಂತೂ ಬೆಂಗಳೂರಿಗೆ ಹಳೆಯ ಬಾಕಿ ಇತ್ತು. 2016ರ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಬೆಂಗಳೂರು ಎಫ್‌ಸಿ. ದೋಹಾದಲ್ಲಿ ಅದನ್ನು 1–0ರಿಂದ ತಡೆದದ್ದು ಈ ಇರಾಕಿಗಳು. ಎಲ್ಲರೂ ಆ ಫೈನಲ್ ಬಗ್ಗೆ, ಕಂಠೀರವದಲ್ಲಿ ಜೋಹೋರ್ ತಂಡವನ್ನು 3–1 ಹೊಡೆದ ಸೆಮಿಫೈನಲ್ ಬಗ್ಗೆ ಮಾತಾಡುತ್ತಾರೆ. ನಾನು ಎತ್ತಿ ಹಿಡಿಯುವುದು ಆ ಮೇ ತಿಂಗಳ ಹದಿನಾರರ ಘಟ್ಟವನ್ನು. ಒಂದೇ ಪಂದ್ಯ, ಎರಡನೇ ಲೆಗ್ ಇಲ್ಲ, ಅದೂ ಹಾಂಕಾಂಗ್‌ನ ಮಾಂಗ್ ಕಾಕ್‌ನಲ್ಲಿ, ಕಿಚೀ ತಂಡದ ಅಂಗಳದಲ್ಲಿ. ಹಿಂದಿನ ವರ್ಷ ಇದೇ ಊರಿನ ಸೌತ್ ಚೈನಾ ತಂಡಕ್ಕೆ ಇದೇ ಘಟ್ಟದಲ್ಲಿ ಸೋತು ಬಂದವರು ಈ ಸಲ 3–2 ಗೆದ್ದರು. ಆ ಮೊದಲ ತಿರುವು ದಾಟದಿದ್ದರೆ ದೋಹಾ ಎಲ್ಲಿತ್ತು?

ಮುಂಬಯಿಯೂ ಒಮ್ಮೆ ಆ ತಿರುವಿನವರೆಗೆ ಹೋಗಿತ್ತು. ಮಹೀಂದ್ರ ಯುನೈಟೆಡ್ 2007ರ ಎಎಫ್‌ಸಿ ಕಪ್‌ನಲ್ಲಿ ಗುಂಪು ದಾಟಿ ಕ್ವಾರ್ಟರ್ ಫೈನಲ್ ಆಡಿತು; ಆಗಿನ ವ್ಯವಸ್ಥೆಯಲ್ಲಿ ನಾಕೌಟ್‌ನ ಮೊದಲ ಸುತ್ತು ಅದೇ. ಅಲ್ಲಿಗೆ ಮುಗಿಯಿತು. 2010ರಲ್ಲಿ ಆ ತಂಡವನ್ನೇ ಮುಚ್ಚಿದರು. ಕೆಂಪು ಅಂಗಿಯ ಸ್ಟೀವನ್ ಡಯಸ್ ಬಲಗೆರೆಯ ಗುಂಟ ಓಡುತ್ತಿದ್ದುದನ್ನು ಈಗಿನ ಹುಡುಗರಿಗೆ ಹೇಳಿದರೆ ಯಾವ ಚಾನೆಲ್‌ನಲ್ಲಿ ಎಂದು ಕೇಳುತ್ತಾರೆ.

ವಿಚಿತ್ರವೆಂದರೆ, ಸೋತವರು ಮನೆಗೆ ಎಂಬ ಆಟವನ್ನು ಈ ದೇಶಕ್ಕೆ ಕಲಿಸಿದ ಊರುಗಳಲ್ಲಿ ಮುಂಬಯಿಯೂ ಒಂದು. ರೋವರ್ಸ್ ಕಪ್ ಇಲ್ಲಿ ಶುರುವಾದದ್ದು 1891ರಲ್ಲಿ. ಮೊದಲು ಗೆದ್ದದ್ದು ವೂಸ್ಟರ್ ರೆಜಿಮೆಂಟು. ಆಮೇಲೆ ದಶಕಗಟ್ಟಲೆ ಗೋರಾ ಪಲ್ಟಣಗಳದೇ ಕಾರುಬಾರು. 1923ರಲ್ಲಿ ಮೋಹನ್ ಬಾಗಾನ್ ಫೈನಲ್ ತನಕ ಬಂದು ಡರ್ಹ್ಯಾಂ ಪಲ್ಟಣಕ್ಕೆ ಸೋತಿತು. ಕಡೆಗೆ 1937ರಲ್ಲಿ ಆ ಬೀಗ ಒಡೆದವರು ಕಲ್ಕತ್ತೆಯವರಲ್ಲ, ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಕಲ್ಕತ್ತಾ ಲೀಗನ್ನು ಸಾಲು ಸಾಲಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಮರುವರ್ಷ ಮತ್ತೆ ಗೆದ್ದರು, 1948ರಲ್ಲಿ ಇನ್ನೊಮ್ಮೆ. ಆಗ ಬೆಂಗಳೂರಿನಿಂದ ಮುಂಬಯಿಗೆ ಬರುವುದೆಂದರೆ ಹುಬ್ಬಳ್ಳಿ, ಬೆಳಗಾವಿ, ಮಿರಜ್ ದಾಟಿ ಪುಣೆಯ ತನಕ ಸಣ್ಣ ಗೇಜಿನ ಗಾಡಿ; ಅಲ್ಲಿ ಇಳಿದು, ಗಂಟುಮೂಟೆ ಹೊತ್ತು, ದೊಡ್ಡ ಗೇಜಿನ ಗಾಡಿ ಹತ್ತಬೇಕು. ಅಷ್ಟು ಪ್ರಯಾಣ ಮಾಡಿ ಬಂದು ಮೊದಲ ಸುತ್ತಿನಲ್ಲೇ ಸೋತರೆ ಅದೇ ದಾರಿಯಲ್ಲಿ ವಾಪಸ್. ಎರಡನೇ ಲೆಗ್ ಎಂಬ ಉಪಕಾರ ಯಾರೂ ಮಾಡುತ್ತಿರಲಿಲ್ಲ.

ರೋವರ್ಸ್ ನಡೆಯುತ್ತಿದ್ದ ಕೂಪರೇಜ್‌ಗೆ ಆ ಹೆಸರು ಬಂದದ್ದು ಪೀಪಾಯಿ ಕಟ್ಟುವ ಕಾರ್ಖಾನೆಯಿಂದ. ಎಂಬತ್ತರ ದಶಕದಲ್ಲಿ ನಾನು ಫೋರ್ಟ್‌ನ ಕಚೇರಿಯಿಂದ ಸಾಹೇಬರ ಕಣ್ಣು ತಪ್ಪಿಸಿ ಅಲ್ಲಿಗೆ ನಡೆದುಹೋಗುತ್ತಿದ್ದೆ. ಓವಲ್ ಮೈದಾನ ದಾಟುವಷ್ಟರಲ್ಲಿ ಸಿಳ್ಳೆ ಕೇಳಿಸಿದರೆ ಓಟ. ಫೈನಲ್‌ಗೆ ಟಿಕೆಟ್ ಸಿಗುತ್ತಿರಲಿಲ್ಲ, ಮೊದಲ ಸುತ್ತಿಗೆ ಕೈಯಲ್ಲಿ ಶೇಂಗಾದ ಪೊಟ್ಟಣ ಹಿಡಿದು ಕಾಲು ಚಾಚಿ ಕೂರಬಹುದಿತ್ತು. ಬಹುಶಃ ನನ್ನ ರುಚಿ ಹುಟ್ಟಿದ್ದು ಈ ಬಡತನದಲ್ಲೇ. ಬೆಳಿಗ್ಗೆ ಬ್ಯಾಂಕಿನಲ್ಲೋ ಬಂದರಿನಲ್ಲೋ ಮಸ್ಟರಿಗೆ ಸಹಿ ಹಾಕಿ ಬಂದ ಹುಡುಗರು ಕಲ್ಕತ್ತೆಯ, ಗೋವೆಯ ಹೆಸರುವಾಸಿಗಳನ್ನು ಎಪ್ಪತ್ತು ಎಪ್ಪತ್ತೈದು ನಿಮಿಷ ತಡೆದು ಹಿಡಿಯುತ್ತಿದ್ದರು. ಆಮೇಲೆ ಕಾಲು ಸೋಲುತ್ತಿತ್ತು. ಸೋತು ಹೊರಗೆ ಬರುವಾಗ ಬೇಲಿಯ ಹತ್ತಿರ ಅವರ ಸಹೋದ್ಯೋಗಿಗಳು ಅಂಗಿಯ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದರು, ನಾಳೆ ಬೆಳಿಗ್ಗೆ ಮತ್ತೆ ಅದೇ ಮಸ್ಟರು. 2000–01ರಲ್ಲಿ ಮೋಹನ್ ಬಾಗಾನ್ ಗೆದ್ದ ಮೇಲೆ ರೋವರ್ಸ್ ಮತ್ತೆ ನಡೆಯಲಿಲ್ಲ. ಕೂಪರೇಜ್‌ನಲ್ಲಿ ಈಗ ಕೃತಕ ಹುಲ್ಲು. ಕೆಸರಿನ ವಾಸನೆಯಿಲ್ಲದ ಫುಟ್‌ಬಾಲ್ ನನಗೆ ಇನ್ನೂ ಒಗ್ಗಿಲ್ಲ.

ಮತ್ತೆ ಹಂಡೆಯ ಬಾಜಿಗೆ, 2025ರ ಮಾರ್ಚ್ 12ರ ಬೆಳಗಿನ ಜಾವದ ಎರಡನೇ ಲೆಗ್‌ಗೆ ಬರುತ್ತೇನೆ. ಆ್ಯನ್‌ಫೀಲ್ಡ್‌ನಲ್ಲಿ 12ನೇ ನಿಮಿಷಕ್ಕೇ ಪ್ಯಾರಿಸ್‌ನ ಡೆಂಬೆಲೆ ಗೋಲ್ ಹೊಡೆದು ಲೆಕ್ಕ ಸಮ ಮಾಡಿದ. ಆಮೇಲೆ ತೊಂಬತ್ತರ ತನಕ, ಮೇಲೆ ಮೂವತ್ತು ನಿಮಿಷ, ಗೋಲಿಲ್ಲ. ಪಾತ್ರೆ ತೊಳೆಯುವ ಮೂರನೆಯ ಹುಡುಗ, ಆಟ ಗೊತ್ತಿಲ್ಲದವನು, ನನ್ನ ಬೆನ್ನ ಹಿಂದೆ ಬಂದು ನಿಂತ. “ಹ್ವಾಯ್, ಅವ್ರ್ ಒಂದ್ ಸಲ ಗೆದ್ರ್, ಇವ್ರ್ ಒಂದ್ ಸಲ ಗೆದ್ರ್. ಇಬ್ರನ್ನೂ ಮುಂದೆ ಕಳ್ಸುಕಾಗ್ದಾ?” ಎಂದ. ಯಾರೂ ಉತ್ತರಿಸಲಿಲ್ಲ. ವಡೆಗೆ ಉದ್ದು ರುಬ್ಬುತ್ತಿದ್ದ ಗ್ರೈಂಡರನ್ನು ಬೈಂದೂರಿನವನು ಬಂದ್ ಮಾಡಿದ. ಪೆನಾಲ್ಟಿ. ಸಲಾಹ್ ಹೊಡೆದ. ನುನೆಸ್‌ನದನ್ನು ಪ್ಯಾರಿಸ್‌ನ ಗೋಲ್‌ಕೀಪರ್ ಡೊನ್ನರುಮ್ಮ ತಡೆದ, ಕರ್ಟಿಸ್ ಜೋನ್ಸ್‌ನದನ್ನೂ ತಡೆದ. ನಾಲ್ಕನೆಯದಾಗಿ ಡುಯೆ ಹೊಡೆದು 4–1 ಮಾಡಿದಾಗ ಹೆಬ್ರಿಯವನು ಕುಣಿಯಲಿಲ್ಲ, ಟೇಬಲ್ಲಿನ ಮೇಲೆ ಹಣೆಯಿಟ್ಟು ಕೂತ. (ಅದೇ ತಂಡ ಮೇ 31ರಂದು ಮ್ಯೂನಿಕ್‌ನಲ್ಲಿ ಇಂಟರ್ ತಂಡವನ್ನು 5–0 ಹೊಡೆದು ಕಪ್ ಎತ್ತಿತು. ಆ ರಾತ್ರಿ ಇಬ್ಬರೂ ಅರ್ಧಕ್ಕೇ ಮಲಗಿದರು.)

ಗ್ರೈಂಡರ್ ಮತ್ತೆ ಗರಗರ ಶುರುವಾಯಿತು. ಬೈಂದೂರಿನವನು ಏನೂ ಹೇಳದೆ ಪ್ಯಾಂಟಿನ ಕಾಲು ಮೊಣಕಾಲಿನವರೆಗೆ ಮಡಚಿ, ನಾರು ಹಿಡಿದು ಹಂಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಸ್ವಲ್ಪ ಹೊತ್ತು ಕೆರೆದವನು ತಲೆಯೆತ್ತಿ, “ಅಣ್ಣ, ಹೋದ ವಾರ ಒಂಬತ್ತು ತಡ್ದವ ಇವತ್ತ್ ಒಂದಾರೂ ತಡಿಲಿಲ್ಲೆ ಕಾಣಿ,” ಎಂದ. ಹೆಬ್ರಿಯವನು ಎದ್ದು ಬಂದು ಹಂಡೆಯ ಇನ್ನೊಂದು ಕಿವಿ ಹಿಡಿದು ಅದನ್ನು ನಲ್ಲಿಯ ಕೆಳಗೆ ವಾಲಿಸಿದ.